ಹಳೆಯ ಕರ್ನಲ್ ತೆಗೆದರೆ ಕಂಪ್ಯೂಟರ್ ಕೆಡುತ್ತದೆಯೇ?

ಪ್ರಶ್ನೆ: ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಉಬುಂಟು ಕಂಪ್ಯೂಟರನ್ನು ಅಪ್‌ಡೇಟ್ ಮಾಡಲು ಹೋದರೆ ‘ಬೂಟ್’ನಲ್ಲಿ ಜಾಗವಿಲ್ಲ ಎನ್ನುತ್ತದೆ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆ. ಹಳೆಯ ಕರ್ನಲ್‌ಗಳನ್ನು ಅಳಿಸಬಹುದೇ?

ಉತ್ತರ: ಧಾರಾಳವಾಗಿ ಅಳಿಸಬಹುದು. ಕರ್ನಲ್ ಎಂದರೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಆದರೆ ಅದರ ಕಡತಗಳಿರುವ ಬೂಟ್ ಫೋಲ್ಡರಿಗೆ ನೀವೇ ಕೈ ಹಾಕಬೇಡಿ.

ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿ) ಉಬುಂಟು ಹಾಕಿದ್ದರೆ ಬೂಟ್‌ಗೆ ಪ್ರತ್ಯೇಕ ಪಾರ್ಟಿಷನ್, ಅಂದರೆ ಡಿಸ್ಕಿನ ಬೇರೆಯೇ ಭಾಗ, ಇರುತ್ತದೆ. ಕೆಲವು ವರ್ಷ ಹಿಂದೆ ಹಾಕಿದ ಕಂಪ್ಯೂಟರುಗಳಲ್ಲಿ ಅದು ಹೆಚ್ಚಾಗಿ ಒಂದು ಜಿಬಿಗಿಂತ ಚಿಕ್ಕದು. ಹೊಸ ಕರ್ನಲ್ ಬಂದಾಗ ಹಳೆಯದು ಹೋಗುವುದಿಲ್ಲ, ಪಕ್ಕದಲ್ಲೇ ಉಳಿಯುತ್ತದೆ. ಪ್ರತಿ ಕರ್ನಲ್ಲಿನ ಜೊತೆ ಕಂಪ್ಯೂಟರ್ ಶುರುವಾಗುವಾಗ ಬೇಕಾಗುವ ‘ಇನಿಟ್‌ಆರ್‌ಡಿ’ ಎಂಬ ಕಡತವೂ ಬರುತ್ತದೆ. ಹೆಚ್ಚು ಜಾಗ ತಿನ್ನುವುದು ಅದೇ.

ದಾವಣಗೆರೆಯ ಪಿ.ಜೆ. ಬಡಾವಣೆಯ ನನ್ನ ಕೋಣೆಯಲ್ಲಿ ಒಂದು ರಾತ್ರಿ ಈ ಕಡತಗಳನ್ನು ಕೈಯಾರೆ ಅಳಿಸಿದೆ. ಪಟ್ಟಿಯಲ್ಲಿ 5.4.0-100 ಮೇಲಿತ್ತು, 5.4.0-99 ಕೆಳಗಿತ್ತು. ಮೇಲಿನದೇ ಹಳೆಯದೆಂದು ತೆಗೆದುಹಾಕಿದೆ. ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಪಟ್ಟಿ ಮಾಡುವುದು ಅಂಕಿಯ ಬೆಲೆ ನೋಡಿಯಲ್ಲ, ಮೊದಲ ಅಕ್ಷರ ನೋಡಿ. ಹಾಗಾಗಿ ನೂರು ತೊಂಬತ್ತೊಂಬತ್ತಕ್ಕಿಂತ ಮೊದಲು ಬರುತ್ತದೆ. ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಎರಡೇ ಸಾಲು: ಕಡತ ಸಿಗಲಿಲ್ಲ, ಮೊದಲು ಕರ್ನಲ್ ಲೋಡ್ ಮಾಡಿ. ಕಡತ ಹೋಗಿತ್ತು, ಯಾವ ಕರ್ನಲ್ ಶುರುವಾಗಬೇಕೆಂದು ಆರಿಸುವ ಗ್ರಬ್ ಮೆನುವಿನಲ್ಲಿ ಅದರ ಹೆಸರು ಮಾತ್ರ ಹಾಗೇ ಇತ್ತು.

ನೀವು ಮೊದಲು ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಟರ್ಮಿನಲ್‌ನಲ್ಲಿ ‘ಯುನೇಮ್ -ಆರ್’ ಎಂದು (ಇಂಗ್ಲಿಷ್ ಅಕ್ಷರಗಳಲ್ಲೇ: uname -r) ಟೈಪ್ ಮಾಡಿದರೆ ಈಗ ಓಡುತ್ತಿರುವ ಕರ್ನಲ್ಲಿನ ಸಂಖ್ಯೆ ಬರುತ್ತದೆ, ಬರೆದಿಟ್ಟುಕೊಳ್ಳಿ. ಬಳಿಕ ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’ (sudo apt autoremove --purge) ಕೊಡಿ. ಅಳಿಸಲಿರುವುದರ ಪಟ್ಟಿ ತೋರಿಸಿ ಅದು ಒಪ್ಪಿಗೆಗೆ ಕಾಯುತ್ತದೆ. ಅವಸರ ಬೇಡ, ಪೂರ್ತಿ ಓದಿ. ಬರೆದಿಟ್ಟ ಸಂಖ್ಯೆ ಅದರಲ್ಲಿ ಇಲ್ಲದಿದ್ದರೆ ಮಾತ್ರ ‘ವೈ’ ಒತ್ತಿ. ಗ್ರಬ್ ಮೆನುವನ್ನೂ ಅದೇ ಸರಿಪಡಿಸುತ್ತದೆ. ಅರ್ಧಕ್ಕೆ ನಿಂತ ಅಪ್‌ಡೇಟ್ ಮುಗಿಸಲು ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ (sudo dpkg --configure -a) ಸಾಕು.

ಆಮೇಲೂ ಒಂದು ಹಳೆಯ ಕರ್ನಲ್ ಉಳಿದಿರುತ್ತದೆ. ದಯವಿಟ್ಟು ಅದನ್ನು ತೆಗೆಯಬೇಡಿ. ಹೊಸದರಲ್ಲಿ ವೈಫೈ ಅಥವಾ ಪರದೆ ಕೈಕೊಟ್ಟರೆ, ಕಂಪ್ಯೂಟರ್ ಆನ್ ಆಗುವಾಗ ಶಿಫ್ಟ್ ಹಿಡಿದು (ಹೊಸ ಯಂತ್ರಗಳಲ್ಲಿ ಎಸ್ಕೇಪ್ ಒತ್ತಿ) ಗ್ರಬ್ ಮೆನು ತೆರೆಯಿರಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಆ ಹಳೆಯ ಸಂಖ್ಯೆ ಸಿಗುತ್ತದೆ. ಅಂದಿನ ಲೆಕ್ಕವನ್ನು ಅದರಲ್ಲೇ ಬರೆದು ಮುಗಿಸಬಹುದು.