ಆರ್ಕಿಡ್ ಬೀಜದ ಪ್ಯಾಕೆಟ್ ತಗೋಬೇಡಿ, ಗಿಡದ ಗೆಣ್ಣು ನೋಡಿ

ಆನ್‌ಲೈನ್‌ನಲ್ಲಿ ಆರ್ಕಿಡ್ ಬೀಜದ ಪ್ಯಾಕೆಟ್ ಮಾರುತ್ತಾರೆ. ಫೋಟೊದಲ್ಲಿ ಕಡುನೀಲಿ ಹೂವು, ಕಾಮನಬಿಲ್ಲಿನ ಬಣ್ಣದ ಹೂವು, ಇನ್ನೂ ಏನೇನೋ. ದಯವಿಟ್ಟು ದುಡ್ಡು ಹಾಕಬೇಡಿ. ಪ್ಯಾಕೆಟ್ ಒಳಗೆ ಸಾಸಿವೆಯಷ್ಟು ದಪ್ಪದ ಕಾಳು ಇದ್ದರೆ ಅದು ಆರ್ಕಿಡ್ ಬೀಜವೇ ಅಲ್ಲ. ಅಕಸ್ಮಾತ್ ನಿಜವಾದ ಬೀಜವೇ ಬಂದರೂ ಕುಂಡಕ್ಕೆ ಹಾಕಿ ನೀರು ಹಾಕಿದರೆ ಏನೂ ಹುಟ್ಟುವುದಿಲ್ಲ.

ಆರ್ಕಿಡ್ ಕಾಯಿ ಒಣಗಿ ಸೀಳಿದಾಗ ಒಳಗಿಂದ ತಿಳಿಹಳದಿ ಪುಡಿ ಹಾರುತ್ತದೆ. ಆ ಪುಡಿಯೇ ಬೀಜ. ಇಂಗ್ಲೆಂಡಿನ ಒಂದು ಆರ್ಕಿಡ್ ಗಿಡ ಹಿಡಿದು ಡಾರ್ವಿನ್ ಲೆಕ್ಕ ಹಾಕಿದ್ದ. ಒಂದು ಕಾಯಿಗೆ ಸುಮಾರು 6,200 ಬೀಜ, ಗಿಡಕ್ಕೆ 30 ಕಾಯಿ, ಒಟ್ಟು ಒಂದು ಲಕ್ಷ ಎಂಬತ್ತಾರು ಸಾವಿರದ ಹತ್ತಿರ. ಎಲ್ಲವೂ ಬದುಕಿದರೆ ಒಂದೇ ಗಿಡದ ಮರಿಮೊಮ್ಮಕ್ಕಳು ಭೂಮಿಯ ನೆಲವನ್ನೆಲ್ಲ ಹೆಚ್ಚುಕಮ್ಮಿ ಮುಚ್ಚಿಬಿಡುತ್ತವೆ ಅಂದ. ಹಾಗೆ ಆಗಿಲ್ಲ, ಅಲ್ವಾ? ಯಾಕೆಂದರೆ ಆ ಬೀಜದಲ್ಲಿ ಊಟವೇ ಇಲ್ಲ. ಕಡಲೆ, ಅವರೆ, ಭತ್ತ ಎಲ್ಲವೂ ಮೊಳಕೆಗೆ ಬೇಕಾದ ಬುತ್ತಿ ಕಟ್ಟಿಕೊಂಡೇ ಬರುತ್ತವೆ. ಆರ್ಕಿಡ್ ಬೀಜ ಖಾಲಿ ಕೈಯಲ್ಲಿ ಬರುತ್ತದೆ. ಗಾಳಿಯಲ್ಲಿ ತೇಲಿ ಬಹುದೂರ ಹೋಗಬಹುದು ಅನ್ನುವುದು ಅದಕ್ಕಿರುವ ಲಾಭ, ಇಳಿದ ಜಾಗದಲ್ಲಿ ತಕ್ಕ ಶಿಲೀಂಧ್ರ ಸಿಗದಿದ್ದರೆ ಅಲ್ಲೇ ಸಾಯುತ್ತದೆ ಅನ್ನುವುದು ನಷ್ಟ. ಶಿಲೀಂಧ್ರದ ಎಳೆಗಳು ಬೀಜದ ಒಳಗೆ ಹೊಕ್ಕಬೇಕು, ಬೀಜ ಅವುಗಳನ್ನು ಜೀರ್ಣಿಸಿಕೊಂಡು ಬೆಳೆಯಬೇಕು.

ಇದನ್ನು ಕಂಡುಕೊಂಡದ್ದು ನೊಯೆಲ್ ಬೆರ್ನಾರ್ ಅನ್ನುವ ಫ್ರೆಂಚ್ ಯುವಕ. 1899ರಲ್ಲಿ ಫೋಂಟೆನ್‌ಬ್ಲೋ ಕಾಡಿನಲ್ಲಿ ಕೊಳೆತ ಎಲೆಗಳ ಅಡಿ ಆರ್ಕಿಡ್ ಮೊಳಕೆಗಳು ಸಿಕ್ಕವು, ಎಲ್ಲದರಲ್ಲೂ ಶಿಲೀಂಧ್ರ ಇತ್ತು. ಆಮೇಲೆ 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನುಡ್ಸನ್ ಇನ್ನೊಂದು ದಾರಿ ತೋರಿಸಿದ. ಶಿಲೀಂಧ್ರ ಕೊಡುವುದು ಕೊನೆಗೂ ಸಕ್ಕರೆ ತಾನೆ, ಆ ಸಕ್ಕರೆಯನ್ನೇ ನೇರವಾಗಿ ಕೊಟ್ಟರೆ? ಅಗರ್ ಜೆಲ್ಲಿಯಲ್ಲಿ ಲವಣ, ಸಕ್ಕರೆ ಬೆರೆಸಿ ಸೀಸೆಯೊಳಗೆ ಬೀಜ ಚೆಲ್ಲಿದ. ಮೊಳೆಯಿತು. ಆದರೆ ಸಕ್ಕರೆ ಇದ್ದಲ್ಲಿ ಬೂಷ್ಟು ತಪ್ಪಿದ್ದಲ್ಲ, ಒಂದೇ ಒಂದು ಕಣ ಒಳಗೆ ಹೋದರೂ ಬಾಟಲಿ ಪೂರ್ತಿ ಹಾಳು. ಅದಕ್ಕೇ ಇದು ಲ್ಯಾಬ್ ಕೆಲಸ. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಸಿಂಬಿಡಿಯಂ ಆರ್ಕಿಡ್‌ನ ಚಿಗುರಿನ ತುದಿಯ ಚೂರಿನಿಂದಲೇ ಹೊಸ ಗಿಡಗಳನ್ನು ಪಡೆದ. ಹಿಂದೆ ಸಾಹುಕಾರರ ಗಾಜಿನ ಮನೆಯಲ್ಲಿದ್ದ ಹೂವು ಇವತ್ತು ನರ್ಸರಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತಿದ್ದರೆ ಅದಕ್ಕೆ ಚೂರಿನಿಂದ ಗಿಡ ಬೆಳೆಸುವ ಈ ಟಿಶ್ಯೂ ಕಲ್ಚರ್ ಮುಖ್ಯ ಕಾರಣ.

ಹಾಗಾದರೆ ಮನೆಯಲ್ಲಿ ಒಂದು ಗಿಡ ಎರಡು ಮಾಡುವುದು ಹೇಗೆ? ಗಿಡವೇ ಮಾಡಿಕೊಡುತ್ತದೆ, ನಾವು ಕಾಯಬೇಕು. ಅದಕ್ಕೆ ಮುಂಚೆ ಬೇರಿನ ವಿಷಯ ಹೇಳಿಬಿಡುತ್ತೇನೆ, ಬೇರು ಅರ್ಥವಾಗದೆ ಮರಿ ಬದುಕುವುದಿಲ್ಲ.

ನಾವು ಮನೆಯಲ್ಲಿ ಇಡುವ ಫಲನಾಪ್ಸಿಸ್, ಡೆಂಡ್ರೋಬಿಯಂ, ವಾಂಡಾ ಎಲ್ಲವೂ ಮರದ ಮೇಲೆ ಕೂತು ಬೆಳೆಯುವ ಆರ್ಕಿಡ್ ಜಾತಿ. ಬಂದಣಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಸುಮ್ನೆ ಕೂತಿರುತ್ತವೆ ಅಷ್ಟೆ. ಫಲನಾಪ್ಸಿಸ್‌ನ ಒಣಬೇರು ನೋಡಿ, ಬೆಳ್ಳಿಯ ಹಾಗೆ ಬೂದಿ ಬಿಳಿ. ಅದರ ಮೇಲೆ ಒಂದು ತೊಟ್ಟು ನೀರು ಬಿಡಿ. ಕಣ್ಣೆದುರಿಗೇ ಆ ಜಾಗ ಹಸಿರಾಗುತ್ತದೆ. ಬೇರಿನ ಹೊರಪದರ ಸತ್ತ ಕೋಶಗಳ ಸ್ಪಂಜು, ವೆಲಮೆನ್ ಅಂತ ಹೆಸರು. ಒಳಗೆ ಗಾಳಿ ತುಂಬಿದ್ದಾಗ ಬೆಳಕು ಚದುರಿ ಬಿಳಿ ಕಾಣುತ್ತದೆ, ನೀರು ತುಂಬಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ಎದ್ದು ಕಾಣುತ್ತದೆ. ಹೌದು, ಬೇರಿಗೂ ಹಸಿರು ಇದೆ, ಅದೂ ಬೆಳಕು ತಿನ್ನುತ್ತದೆ.

ಮಳೆ ಸುರಿದಾಗ ಗಬಕ್ಕನೆ ಹೀರಿ, ಆಮೇಲೆ ಗಾಳಿಗೆ ಒಣಗುವುದು ಈ ಬೇರಿನ ಜೀವನ. ಅದನ್ನು ಮಣ್ಣಲ್ಲಿ ಹೂತರೆ ಉಸಿರು ಕಟ್ಟಿ ಕೊಳೆಯುತ್ತದೆ. ಅದಕ್ಕೇ ಕುಂಡಕ್ಕೆ ಮಣ್ಣಿನ ಬದಲು ಇದ್ದಿಲು, ಇಟ್ಟಿಗೆ ಚೂರು, ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು. ಕುಂಡ ಪಾರದರ್ಶಕ ಪ್ಲಾಸ್ಟಿಕ್ ಆದರೆ ಇನ್ನೂ ಒಳ್ಳೆಯದು. ಬೇರು ಹಸಿರಿದ್ದರೆ ನೀರು ಬೇಡ, ಬೂದಿ ಬಣ್ಣಕ್ಕೆ ತಿರುಗಿದರೆ ಹಾಕಿ. ವಾರಕ್ಕೆ ಎರಡು ಸಲ, ಮೂರು ಸಲ ಅನ್ನುವ ಲೆಕ್ಕವೆಲ್ಲ ನನ್ನ ಪ್ರಕಾರ ದಂಡ, ಜುಲೈನ ಶಿವಮೊಗ್ಗಕ್ಕೂ ಏಪ್ರಿಲ್‌ನ ಕಲಬುರಗಿಗೂ ಒಂದೇ ಲೆಕ್ಕ ಹೇಗೆ ಸರಿಹೋಗುತ್ತದೆ? ಬೆಳಿಗ್ಗೆ ಹಾಕಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಟಿಶ್ಯೂ ಕಾಗದದಲ್ಲಿ ಒತ್ತಿ ತೆಗೆಯಿರಿ. ಫಲನಾಪ್ಸಿಸ್‌ನಲ್ಲಿ ಬೆಳೆಯುವ ತುದಿ ಅದೊಂದೇ, ಅದು ಕೊಳೆತರೆ ಗಿಡ ಮೇಲೆ ಬೆಳೆಯುವುದು ನಿಂತಂತೆ.

ಈಗ ಮರಿ. ಹೂ ಉದುರಿದ ಮೇಲೆ ಫಲನಾಪ್ಸಿಸ್‌ನ ಹೂದಂಟು ಹಸಿರಾಗೇ ಇದ್ದರೆ ಕತ್ತರಿಸಬೇಡಿ. ಅದರ ಮೇಲೆ ಅಲ್ಲಲ್ಲಿ ಗೆಣ್ಣು ಇರುತ್ತದೆ, ಪ್ರತಿ ಗೆಣ್ಣಿಗೂ ತೆಳು ಸಿಪ್ಪೆಯ ಮುಚ್ಚಳ, ಅದರಡಿ ಒಂದು ಮಲಗಿರುವ ಮೊಗ್ಗು. ಕೆಲವೊಮ್ಮೆ ಅದು ಹೂವಾಗುವ ಬದಲು ಎಲೆ ಬಿಟ್ಟು ಪುಟ್ಟ ಗಿಡವಾಗುತ್ತದೆ. ಆರ್ಕಿಡ್ ಬೆಳೆಯುವವರು ಕೇಕಿ ಅನ್ನುತ್ತಾರೆ. ತಾನಾಗಿ ಬರದಿದ್ದರೆ ಮೊಗ್ಗು ಎಬ್ಬಿಸುವ ಸೈಟೊಕೈನಿನ್ ಹಾರ್ಮೋನು ಬೆರೆಸಿದ ಕೇಕಿ ಪೇಸ್ಟ್ ಸಿಗುತ್ತದೆ. ಸಿಪ್ಪೆ ಬಿಡಿಸಿ ಗೆಣ್ಣಿಗೆ ಚೂರೇ ಚೂರು ಸವರಬೇಕು. ಬರುವುದು ಮರಿಯೋ ಹೊಸ ಹೂದಂಟೋ, ಗ್ಯಾರಂಟಿ ಇಲ್ಲ. ಜಾಸ್ತಿ ಹಚ್ಚಿದರೆ ಸೊಟ್ಟಪಟ್ಟ ಗಂಟು ಬರುತ್ತದೆ. ಸೊರಗಿದ ಗಿಡಕ್ಕಂತೂ ಹಚ್ಚಲೇಬೇಡಿ.

ಮರಿ ಕಂಡ ಕೂಡಲೇ ಕೈ ತುರಿಸುತ್ತದೆ. ಬೇಡ. ಎಲೆ ಮೂರು ನಾಲ್ಕಾಗಲಿ, ಬೇರು ಎರಡು ಮೂರು ಇಂಚು ಉದ್ದ ಬರಲಿ. ಅಲ್ಲಿಯವರೆಗೆ ಅದರ ನೀರು, ಊಟ ಎಲ್ಲ ತಾಯಿಯದ್ದೇ. ಆಮೇಲೆ ಅಕ್ಕಪಕ್ಕ ದಂಟು ಸ್ವಲ್ಪ ಉಳಿಸಿ ಕತ್ತರಿಸಿ. ಬ್ಲೇಡನ್ನು ಬೆಂಕಿಗೆ ಹಿಡಿದು ಆರಿಸಿ ಬಳಸಿ, ಒಂದು ಗಿಡಕ್ಕೆ ಬಳಸಿದ್ದನ್ನು ಹಾಗೇ ಇನ್ನೊಂದಕ್ಕೆ ಬಳಸಬೇಡಿ. ಸಿಂಬಿಡಿಯಂ ಮೊಸಾಯಿಕ್ ವೈರಸ್ ಹರಡುವುದು ಹೀಗೇ, ಅದಕ್ಕೆ ಔಷಧಿ ಇಲ್ಲ.

ಡೆಂಡ್ರೋಬಿಯಂ ಇನ್ನೂ ಸಲೀಸು. ಎಲೆ ಉದುರಿ ಬೋಳಾದ ಹಳೇ ಕಡ್ಡಿಗಳನ್ನು ಸತ್ತಿವೆ ಅಂತ ಜನ ಕತ್ತರಿಸಿ ಬಿಸಾಡುತ್ತಾರೆ. ದಪ್ಪಗಿದ್ದರೆ ಅವು ನೀರು, ಆಹಾರದ ಉಗ್ರಾಣ. ಬೇರೆ ಕಡ್ಡಿಗಳು ಸಾಕಷ್ಟಿದ್ದರೆ ಒಂದನ್ನು ಕತ್ತರಿಸಿ ಒದ್ದೆ ಮಾಸ್ (ಪಾಚಿ) ಮೇಲೆ ಅಡ್ಡ ಮಲಗಿಸಿ ನೆರಳಲ್ಲಿಡಿ. ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಮೇಲೆ ಗೆಣ್ಣಿನಲ್ಲಿ ಮರಿ ಏಳುತ್ತದೆ. ಕುಂಡ ತುಂಬಿದ ದೊಡ್ಡ ಗಿಡವಾದರೆ ಪ್ರತಿ ಭಾಗಕ್ಕೂ ಕನಿಷ್ಠ ಮೂರು ಕಡ್ಡಿ ಬರುವ ಹಾಗೆ ಬಿಡಿಸಿ.

ಮಲೆನಾಡಿನ ಕಡೆಯವರಿಗೆ ಒಂದು ಮಾತು. ಮಳೆಗಾಲದ ಹೊತ್ತಿಗೆ ಮರದಿಂದ ಜೋತುಬೀಳುವ ಸೀತಾಳೆ ದಂಡೆ (ಅದೂ ಆರ್ಕಿಡ್ಡೇ) ಕಂಡರೆ ಕಿತ್ತು ತರಬೇಡಿ. ಗಾಳಿಗೆ ಬಿದ್ದ ಕೊಂಬೆಯಲ್ಲಿ ಸಿಕ್ಕರೆ ಪಕ್ಕದ ಮರಕ್ಕೇ ತೆಂಗಿನ ನಾರಿನಲ್ಲಿ ಕಟ್ಟಿಬಿಡಿ, ಅಲ್ಲಿಯೇ ಬದುಕುವ ಸಾಧ್ಯತೆ ಜಾಸ್ತಿ.

ಇನ್ನು ಯಾವ ಗಿಡ ತರಬೇಕು? ಫಲನಾಪ್ಸಿಸ್ ಹೂದಂಟು ಹೊರಡಬೇಕಾದರೆ ಕೆಲವು ವಾರ ತಾಪಮಾನ 25 ಡಿಗ್ರಿಗಿಂತ ಕೆಳಗಿರಬೇಕು, 28ರ ಮೇಲೇ ಇದ್ದರೆ ಬರೀ ಎಲೆ. ಬೆಂಗಳೂರು, ಮೈಸೂರು, ಮಡಿಕೇರಿಯವರಿಗೆ ಚಳಿಗಾಲ ಈ ಕೆಲಸ ಪುಕ್ಕಟೆ ಮಾಡಿಕೊಡುತ್ತದೆ. ಮಂಗಳೂರು, ಉಡುಪಿಯವರು ಬೆಳಗಿನ ಬಿಸಿಲು ಬೀಳುವ ಕಡೆ ಡೆಂಡ್ರೋಬಿಯಂ ಇಡುವುದೇ ವಾಸಿ. ಫಲನಾಪ್ಸಿಸ್ಸೇ ಬೇಕು ಅನ್ನುವವರು ಎಸಿ ರೂಮಿನ ಕಿಟಕಿ ಹತ್ತಿರ ಇಟ್ಟು ನೋಡಬಹುದು, ತಣ್ಣನೆ ಗಾಳಿ ನೇರವಾಗಿ ಎಲೆಗೆ ಬಡಿಯದಿದ್ದರೆ ಸರಿ, ಆದರೆ ಆ ರೂಮಿನಲ್ಲಿ ಬೇರು ಬೇಗ ಬೂದಿ ಬಣ್ಣಕ್ಕೆ ಬರುತ್ತದೆ.