ಓದುಗರ ಪ್ರಶ್ನೆ: ಆರ್‌ಟಿಇ ಸೀಟು ಇದೆಯಲ್ವಾ, ಇನ್ನೇನು ಅನ್ಯಾಯ?

ಪ್ರಶ್ನೆ: ಬಡವರ ಮಕ್ಕಳಿಗೂ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಖಾಸಗಿ ಶಾಲೆಯಲ್ಲಿ ಸೀಟು ಸಿಗುತ್ತೆ. ಹಾಗಿದ್ದರೂ ಖಾಸಗಿ ಶಾಲೆ ಅಂದರೆ ದುಡ್ಡಿದ್ದವರದ್ದು ಅಂತ ಯಾಕೆ ಹೇಳುತ್ತಾರೆ?

ಉತ್ತರ: ಕಾಯ್ದೆ ಇದೆ, ನಿಜ. ಆದರೆ ಕರ್ನಾಟಕದಲ್ಲಿ 2019-20ರಿಂದ ಆ ಬಾಗಿಲು ಬಹುಪಾಲು ಮುಚ್ಚಿದೆ. ಎಷ್ಟೋ ಪೋಷಕರಿಗೆ ಇದು ಗೊತ್ತಾಗುವುದು ಅರ್ಜಿ ಹಾಕಲು ಹೋದಾಗಲೇ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಶೇ 25 ಸೀಟುಗಳನ್ನು ಅಕ್ಕಪಕ್ಕದ ಬಡ, ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಕೊಡಬೇಕು. ಆ ಮಕ್ಕಳ ಲೆಕ್ಕದಲ್ಲಿ ಸರ್ಕಾರ ಶಾಲೆಗೆ ಹಣ ಕೊಡುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆಮೇಲೆ ನಮ್ಮ ರಾಜ್ಯ ನಿಯಮ ತಿದ್ದಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಸರ್ಕಾರಿ ಶಾಲೆ ಇಲ್ಲದ ಊರು ಎಷ್ಟಿದೆ ಹೇಳಿ? ಹೈಕೋರ್ಟ್ 2019ರಲ್ಲಿ ಈ ತಿದ್ದುಪಡಿಯನ್ನು ಒಪ್ಪಿತು. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಕೂಡ ಆ ರದ್ದತಿಯನ್ನೇ ಉಳಿಸಿತು.

ಸೀಟು ಸಿಕ್ಕವರ ದಾರಿಯೂ ಸಲೀಸಲ್ಲ. ಬೋಧನಾ ಶುಲ್ಕ ಇಲ್ಲ ಅಂದರೂ ಶೂ, ವ್ಯಾನು, ವಾರ್ಷಿಕೋತ್ಸವದ ಡ್ರೆಸ್ಸು ಅಂತ ಖರ್ಚು ಬರುತ್ತಲೇ ಇರುತ್ತದೆ. ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಫೀಸು ಕಟ್ಟಬೇಕು, ಇಲ್ಲವೇ ಟಿಸಿ ತಗೋಬೇಕು. ಎಂಟು ವರ್ಷ ಒಂದೇ ಬೆಂಚಲ್ಲಿ ಕೂತ ಗೆಳತಿಯನ್ನು ಬಿಟ್ಟು, ಎಸ್ಸೆಸ್ಸೆಲ್ಸಿಗೆ ಎರಡು ವರ್ಷ ಇರುವಾಗ ಒಬ್ಬ ಹುಡುಗಿ ಬೇರೆ ಶಾಲೆ ಹುಡುಕಬೇಕು. ಇದು ನನಗೆ ಕ್ರೂರ ಅನ್ನಿಸುತ್ತದೆ.

ಹಾಗಂತ ಮಗುವನ್ನು ಕಾನ್ವೆಂಟಿಗೆ ಹಾಕಿದ ಅಪ್ಪ ಅಮ್ಮನನ್ನು ದೂರುವುದು ಸರಿಯಲ್ಲ. ಮನೆಗೆಲಸ ಮಾಡುವ ತಾಯಿಯೂ ಚೀಟಿ ದುಡ್ಡೆತ್ತಿ ಫೀಸು ಕಟ್ಟುತ್ತಾಳೆ, ಇಂಗ್ಲಿಷ್ ಕಲಿತು ಮಗಳಿಗೆ ಒಳ್ಳೆ ಕೆಲಸ ಸಿಗಲಿ ಅಂತ. ಅನ್ಯಾಯ ಇರುವುದು ಬೇರೆ ಕಡೆ. ತಹಶೀಲ್ದಾರರ ಮಗ, ಡಾಕ್ಟರ ಮಗಳು, ಎಷ್ಟೋ ಸಲ ಸರ್ಕಾರಿ ಮೇಷ್ಟ್ರ ಮಕ್ಕಳೂ ಊರಿನ ಸರ್ಕಾರಿ ಶಾಲೆಯಲ್ಲಿ ಇರುವುದಿಲ್ಲ. ಗಣಿತದ ಹುದ್ದೆ ಖಾಲಿ ಬಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಜೋರಾಗಿ ಕೇಳಬಲ್ಲವರು ಇಂಥ ಅಪ್ಪ ಅಮ್ಮಂದಿರೇ. ಈಗ ಸರ್ಕಾರಿ ಶಾಲೆಯ ಪೋಷಕರ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಉಳಿದಿರುವುದು ಜಾಸ್ತಿ ಕೂಲಿ ಮಾಡುವವರು. ಸಭೆಗೆ ಬಂದರೆ ಅವತ್ತಿನ ಕೂಲಿ ಹೋಗುತ್ತದೆ. ಕಚೇರಿಗೆ ಅಲೆದರೆ ಇನ್ನೊಂದು ದಿನದ್ದು. ಹೀಗೆ ಹುದ್ದೆ ತುಂಬದೆ ಅತಿಥಿ ಶಿಕ್ಷಕರಲ್ಲೇ ವರ್ಷ ಕಳೆಯುತ್ತದೆ, ಮಕ್ಕಳು ಇನ್ನಷ್ಟು ಕಡಿಮೆಯಾಗುತ್ತಾರೆ.

ಶಿಕ್ಷಣ ಸುಧಾರಣೆಗೆ ಕೇಂದ್ರ ಸರ್ಕಾರ ನೇಮಿಸಿದ್ದ ಕೊಠಾರಿ ಆಯೋಗ 1966ರಲ್ಲೇ ಎಲ್ಲ ವರ್ಗದ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಯಲ್ಲಿ ಕಲಿಯಲಿ ಅಂದಿತ್ತು. ಅಷ್ಟು ದೂರದ ಮಾತು ಬಿಡಿ. ಹತ್ತಿರದ ಸರ್ಕಾರಿ ಶಾಲೆಯೇ ಸಾಕು ಎನ್ನುವ ಸರ್ಕಾರ ಮೊದಲು ಅಲ್ಲಿಗೆ ಕಾಯಂ ಶಿಕ್ಷಕರನ್ನು ಕೊಡಲಿ. ಕೊಡುವವರೆಗೆ ಆ ಶೇ 25 ಸೀಟು ವಾಪಸ್ ಬರಬೇಕು, ಎಂಟಕ್ಕೆ ನಿಲ್ಲದೆ ಹತ್ತರವರೆಗೂ ಸಿಗಬೇಕು.