ಅನುಮತಿ ಕೇಳಿದ್ದು ಯಾವುದಕ್ಕೆ? ಆಸ್ಟಿನ್, ಹಾರ್ಟ್ ಮತ್ತು ದಾದ್ರಾದ ದಾರಿ

‘ಅಂತರರಾಷ್ಟ್ರೀಯ ಕಾನೂನು ನಿಜಕ್ಕೂ ಕಾನೂನೇ?’ ರಾಜಕೀಯ ತತ್ವಶಾಸ್ತ್ರ ಓದಿದರೂ ಎದುರಾಗುತ್ತದೆ, ಕಾನೂನು ಓದಿದರೂ ಎದುರಾಗುತ್ತದೆ ಈ ಪ್ರಶ್ನೆ. ‘ಜಗತ್ತಿಗೆ ಪೊಲೀಸರಿಲ್ಲ, ಹಾಗಾಗಿ ಅಲ್ಲ’ ಎಂದು ಪರೀಕ್ಷೆಯಲ್ಲಿ ಎರಡು ಸಾಲು ಗೀಚಿ ಮುಂದೆ ಹೋಗುವವರೇ ಹೆಚ್ಚು. ಅದು ಇಂಗ್ಲಿಷ್ ಕಾನೂನು ಚಿಂತಕ ಜಾನ್ ಆಸ್ಟಿನ್ 1832ರಲ್ಲಿ ಕೊಟ್ಟ ಉತ್ತರ: ಕಾನೂನೆಂದರೆ ಸಾರ್ವಭೌಮನ ಆಜ್ಞೆ, ಮೀರಿದರೆ ಶಿಕ್ಷೆ. ರಾಷ್ಟ್ರಗಳ ಮೇಲೆ ಸಾರ್ವಭೌಮನಿಲ್ಲದ್ದರಿಂದ ಅವುಗಳ ನಡುವಿನದು ಬರೀ ನೈತಿಕ ಕಟ್ಟುಪಾಡು.

ಮತ್ತೊಬ್ಬ ಇಂಗ್ಲಿಷ್ ಕಾನೂನು ಚಿಂತಕ ಎಚ್.ಎಲ್.ಎ. ಹಾರ್ಟ್ 1961ರಲ್ಲಿ ಇದನ್ನು ಬುಡಮೇಲು ಮಾಡಿದ. ಬಂದೂಕಿಗೆ ಹೆದರಿ ಹಣ ಕೊಟ್ಟವನು ‘ಕೊಡುವುದು ನನ್ನ ಕರ್ತವ್ಯವಾಗಿತ್ತು’ ಎನ್ನುವುದಿಲ್ಲವಲ್ಲ! ನಿಯಮವೊಂದು ಜೀವಂತವಾಗಿರುವುದು, ಅದಕ್ಕೆ ಒಳಪಟ್ಟವರು ತಮ್ಮ ನಡೆಯನ್ನೂ ಇತರರ ನಡೆಯನ್ನೂ ಅದರಿಂದ ಅಳೆಯುವಾಗ. ಇದನ್ನೇ ಆತ ಆಂತರಿಕ ದೃಷ್ಟಿ ಎಂದದ್ದು. ಪುಸ್ತಕದಲ್ಲಿ ಇದು ಗಾಳಿಯಲ್ಲಿ ತೇಲುತ್ತದೆ; ನೆಲಕ್ಕಿಳಿಯಬೇಕಾದರೆ ಪೋರ್ಚುಗಲ್–ಭಾರತ ಮೊಕದ್ದಮೆ ಓದಬೇಕು.

ದಮನ್ ಕರಾವಳಿಯಲ್ಲಿದೆ, ದಾದ್ರಾ ಮತ್ತು ನಗರ್ ಹವೇಲಿ ಒಳನಾಡಿನಲ್ಲಿವೆ. ಮೂರೂ ಪೋರ್ಚುಗೀಸರ ಕೈಯಲ್ಲಿದ್ದವು, ನಡುವೆ ಇದ್ದದ್ದು ಭಾರತದ ನೆಲ. 1954ರಲ್ಲಿ ದಾದ್ರಾ, ನಗರ್ ಹವೇಲಿ ಕೈತಪ್ಪಿದವು. ಭಾರತ ದಾರಿ ಕೊಡಲಿಲ್ಲ. ಪೋರ್ಚುಗಲ್ 1955ರ ಡಿಸೆಂಬರ್ 19ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಕಡ್ಡಾಯ ಅಧಿಕಾರವ್ಯಾಪ್ತಿಯನ್ನು (ಇದನ್ನೇ ಒಪ್ಪಿದ ಇನ್ನೊಂದು ರಾಷ್ಟ್ರ ದಾವೆ ಹೂಡಿದರೆ ವಿಚಾರಣೆಗೆ ಒಳಪಡುವ ಬದ್ಧತೆ) ಒಪ್ಪಿಕೊಂಡಿತು, 22ರಂದೇ ದಾವೆ ಹೂಡಿತು. ಇಂಥ ಚುರುಕುತನ ಪೋರ್ಚುಗೀಸ್ ಆಡಳಿತದಲ್ಲಿ ಬೇರೆಲ್ಲೂ ಕಾಣದು!

ಮರಾಠರೊಂದಿಗಿನ 1779ರ ಒಪ್ಪಂದವೇ ತನಗೆ ಸಾರ್ವಭೌಮತ್ವ ಕೊಟ್ಟಿತೆಂಬ ಪೋರ್ಚುಗಲ್‌ನ ವಾದ ನಿಲ್ಲಲಿಲ್ಲ. ಸಿಕ್ಕಿದ್ದು ಕಂದಾಯದ ಹಕ್ಕು ಮಾತ್ರ, ‘ಸರಂಜಾಮು’ ಎಂಬ ಜಹಗೀರು. ಹಾಗಾಗಿ ದಾರಿಯ ಹಕ್ಕಿಗೆ ರೂಢಿಯೇ ಮುಖ್ಯವಾಯಿತು. ನ್ಯಾಯಾಲಯ ಸಂಚಾರವನ್ನು ಎರಡು ಪಾಲು ಮಾಡಿತು. ಸಾಮಾನ್ಯ ಜನ, ನಾಗರಿಕ ಅಧಿಕಾರಿಗಳು, ಸರಕು ಬ್ರಿಟಿಷರ ಕಾಲದಿಂದ ನೂರಿಪ್ಪತ್ತೈದು ವರ್ಷ ನಿರಾತಂಕವಾಗಿ ಓಡಾಡಿದ್ದರು. ಸೈನಿಕರು, ಶಸ್ತ್ರಸಜ್ಜಿತ ಪೊಲೀಸರು ಮತ್ತು ಮದ್ದುಗುಂಡಿನ ವಿಷಯ ಬೇರೆ: ಅವಕ್ಕೆ ಬ್ರಿಟಿಷರ ಅನುಮತಿ ಬೇಕಿತ್ತು. ಪಕ್ಕದವರ ಹೊಲದಲ್ಲಿ ದಿನಾ ನಡೆದುಹೋಗುವವನಿಗೂ, ‘ಗಾಡಿ ಹೊಡೆಯಲೇ ಯಜಮಾನರೇ’ ಎಂದು ಪ್ರತಿ ಸಲ ಕೇಳುವವನಿಗೂ ಇರುವ ವ್ಯತ್ಯಾಸ ಇದು. ಕೇಳಿದವನೇ ತನಗೆ ಹಕ್ಕಿಲ್ಲವೆಂದು ಒಪ್ಪಿದಂತೆ.

1960ರ ಏಪ್ರಿಲ್ 12ರ ತೀರ್ಪು: ಮೊದಲನೆಯದಕ್ಕೆ ಹಕ್ಕು ಇತ್ತು, ನ್ಯಾಯಾಧೀಶರ ಮತ 11–4. ಎರಡನೆಯದಕ್ಕೆ ಇರಲಿಲ್ಲ, 8–7. ಇದ್ದ ಹಕ್ಕು ಕೂಡ ಭಾರತದ ನಿಯಂತ್ರಣಕ್ಕೆ ಒಳಪಟ್ಟದ್ದು, ನಡುವಿನ ಭಾರತದ ನೆಲದಲ್ಲಿ ಉದ್ವಿಗ್ನತೆ ಇದ್ದಾಗ ಭಾರತ ಸಂಚಾರ ತಡೆದದ್ದು ಬಾಧ್ಯತೆಯ ಉಲ್ಲಂಘನೆಯಲ್ಲ, 9–6. ‘ಭಾರತ ಗೆದ್ದಿತು’ ಎಂದಷ್ಟೇ ಬರೆದರೆ ಅರ್ಧ ಉತ್ತರ.

ಆಸ್ಟಿನ್‌ಗೆ ಇಲ್ಲಿ ಕಾಣುವುದು ಪೊಲೀಸರಿಲ್ಲದ ಬಯಲು. ಹಾರ್ಟ್ ಆದರೆ ಆ ಅನುಮತಿಗಳನ್ನೇ ನೋಡುತ್ತಾನೆ: ಯಾರೂ ಬಂದೂಕು ಹಿಡಿಯದೆ ಎರಡು ಸರ್ಕಾರಗಳು ‘ಇದಕ್ಕೆ ಹಕ್ಕಿದೆ, ಇದಕ್ಕೆ ಕೇಳಬೇಕು’ ಎಂಬ ಗೆರೆಯನ್ನು ಪಾಲಿಸುತ್ತಿದ್ದವು. ರೂಢಿಯ ಬಗ್ಗೆ ನ್ಯಾಯಾಲಯದ ಶಾಸನದ 38ನೇ ವಿಧಿ ಹೇಳುವ ‘ಕಾನೂನೆಂದು ಒಪ್ಪಿದ ಆಚರಣೆ’ಯಲ್ಲಿ ಎಲ್ಲರೂ ಆಚರಣೆ ಬರೆದು ಒಪ್ಪಿಗೆಯನ್ನು ಮರೆಯುತ್ತಾರೆ. ಹಾರ್ಟ್‌ಗೂ ಇಲ್ಲಿ ಅನುಮಾನ ಇಲ್ಲದಿಲ್ಲ: ರಾಷ್ಟ್ರಗಳ ನಡುವೆ ನಿಯಮಗಳಿವೆ, ದೇಶದೊಳಗಿನಂಥ ವ್ಯವಸ್ಥೆ ಇಲ್ಲ ಎಂಬುದು ಆತನ ನಿಲುವು.

ಎರಡೇ ರಾಷ್ಟ್ರಗಳ ನಡುವೆಯೂ ರೂಢಿ ಹುಟ್ಟಬಹುದೆಂದು ಈ ತೀರ್ಪು ಒಪ್ಪಿತು. ಜೊತೆಗೆ 1950ರ ಕೊಲಂಬಿಯಾ–ಪೆರು ರಾಜಕೀಯ ಆಶ್ರಯ ಪ್ರಕರಣ ಓದಿ. ಅಲ್ಲಿ ಪ್ರಾದೇಶಿಕ ರೂಢಿಯಿದೆ ಎಂದ ಕೊಲಂಬಿಯಾಗೆ ಅದು ಪೆರುವನ್ನೂ ಕಟ್ಟಿಹಾಕುತ್ತದೆಂದು ತೋರಿಸಲಾಗಲಿಲ್ಲ.